ನಸುಗುನ್ನಿ

ಆಚೆಯ ದೇಶದ ತಂಡ ಬಂದಿಳಿದ ವಾರ
ಮಹಾಲಕ್ಷ್ಮಿಯ ಧೋಬಿ ಘಾಟಿಗೆ ಇಬ್ಬರು ಪೊಲೀಸರು ಬಂದರು,
ಬಟ್ಟೆಯ ಗಂಟಿಗೆ ಕಾವಲು.
ನಮ್ಮ ಮಾಚಪ್ಪನಿಗೆ ನಗು: ಇಷ್ಟು ವರ್ಷ ಒಗೆದೆ,
ನನ್ನ ಬೆನ್ನಿಗೆ ಸರ್ಕಾರ ನಿಂತದ್ದು ಇವತ್ತೇ.

ಚರ್ಚ್‌ಗೇಟಿನ ಹೋಟೆಲಿನಿಂದ ಬಂದದ್ದು. ಎಣಿಸಿದೆವು.
ಪ್ಯಾಂಟು ಮೂವತ್ತೊಂದು, ಅಂಗಿ ಮೂವತ್ತನಾಲ್ಕು,
ಕಾಲುಚೀಲಕ್ಕೆ ಲೆಕ್ಕವಿಡಲಾಗದು, ಯಾವ ದೇಶದವಾದರೂ
ಅವು ಜೋಡಿ ತಪ್ಪಿಸಿಕೊಂಡೇ ಬರುತ್ತವೆ.
ಹೆಸರು ಓದಲು ನಮಗೆ ಬಾರದು. ಕೇರಿನ ಎಣ್ಣೆಯಲ್ಲಿ
ಒಬ್ಬನಿಗೆ ಎರಡು ಚುಕ್ಕೆ, ಒಬ್ಬನಿಗೆ ಅಡ್ಡಗೆರೆ,
ಒಬ್ಬನಿಗೆ ಇಲಿಬಾಲ.
ಇಲಿಬಾಲದವನೇ ಅವರ ವೇಗದ ಬೌಲರು ಎಂದು
ಬಲತೊಡೆಯ ಕೆಂಪು ನೋಡಿ ಹೇಳಿದವಳು ನಾನು.

ಆ ಕೆಂಪು ಸುಮ್ಮನೆ ಹೋಗುವ ಕೆಂಪಲ್ಲ.
ಕುಂಕುಮ ಹೋಗುತ್ತದೆ, ಪಾನಿನ ಉಗುಳು ಹೋಗುತ್ತದೆ,
ಹೆರಿಗೆ ವಾರ್ಡಿನ ಚಾದರವೂ ಮೂರನೆಯ ನೀರಿಗೆ ಸೋಲುತ್ತದೆ.
ಚೆಂಡನ್ನು ತೀಡಿ ತೀಡಿ ನೂಲಿಗೆ ಕೂರಿಸಿದ್ದು
ಸೋಡಾಕ್ಕೂ ಜಗ್ಗದೆ ತಿಳಿಗುಲಾಬಿಯಾಗಿ ಉಳಿಯುತ್ತದೆ.
ಹೋದ ತಿಂಗಳು ನಮ್ಮವರ ಪ್ಯಾಂಟಿನಲ್ಲೂ
ಅದೇ ತೊಡೆ, ಅದೇ ಅಂಗೈಯಗಲ.

ಮೂರನೆಯ ಸಂಜೆ ಪೋಫಳೆಯವರ ಶಿರೀಷ ಬಂದ, ಜೊತೆಗೆ ನಾಲ್ವರು.
ಪೊಲೀಸರು ಚಹಾಕ್ಕೆ ಹೋದ ಹೊತ್ತು.
ಜೇಬಿಂದ ಪೇಪರಿನ ಪೊಟ್ಟಣ. ನಸುಗುನ್ನಿ ಪುಡಿ,
ಕೊಂಕಣದ ಮಾವನ ಮನೆಯಿಂದ ತರಿಸಿದ್ದಂತೆ.
"ಒಂದು ಚಿಟಿಕೆ ಸಾಕು ಮಾವಶಿ, ತೊಡೆಸಂದಿಗೆ.
ನಾಳೆ ಇಡೀ ದೇಶ ಟಿವಿಯಲ್ಲಿ ನೋಡಲಿ."
ಹುಡುಗ ಕೆಟ್ಟವನಲ್ಲ. ನನ್ನ ಕಣ್ಣೆದುರೇ ಹಲ್ಲು ಬಿದ್ದು ಬಂದವನು.
ಗಂಟಲಲ್ಲಿ ಮಾತ್ರ ಯಾರದೋ ದನಿ.

ಇಸ್ತ್ರಿಯ ಕೆಂಡ ಊದಿದೆ. ಬೂದಿ ಹಾರಿತು.
"ಇಟ್ಟು ಹೋಗು" ಅಂದೆ.
ಬೇರೆ ಏನು ಅನ್ನಬೇಕಿತ್ತೋ ಈಗಲೂ ಹೊಳೆದಿಲ್ಲ.
ಪೊಟ್ಟಣ ಗಂಜಿಯ ಡಬ್ಬದ ಹಿಂದೆ ಕೂತಿತು.
ರಾತ್ರಿ ಮಾಚಪ್ಪ ಕೇಳಿದ: ಹಾಕ್ತಿಯೇನ?
ಕೊಳಿ ತಗ್ಯಾಕ ಕೂಲಿ ಇಸ್ಕೊಂಡೀನಿ,
ಹಾಕಾಕ ಯಾರೂ ಕೊಟ್ಟಿಲ್ಲ, ಅಂದೆ.
ಅಂದೆ, ಅಷ್ಟೆ. ಸುಳ್ಳು ಯಾಕೆ,
ನಡುರಾತ್ರಿ ಎದ್ದು ಒಂದು ಸಲ ಡಬ್ಬ ಸರಿಸಿದ್ದೆ.
ಮೇಲಿನ ಸೇತುವೆಯಲ್ಲಿ ಕೊನೆಯ ಲೋಕಲ್ ಹೋಯಿತು,
ತಂತಿಯ ಮೇಲಿನ ಬಿಳಿ ಪ್ಯಾಂಟುಗಳು
ಒಂದೇ ಸಮ ನಡುಗಿದವು.
ಮತ್ತೆ ಮಲಗಿದೆ. ಮೊಣಕೈ ತುರಿಸುತ್ತಿತ್ತು.

ಅವರಲ್ಲೊಬ್ಬನಿದ್ದ, ಅವನದು ಒಂಟಿ ಚುಕ್ಕೆ.
ಐದು ದಿನವೂ ಅವನ ಬಟ್ಟೆಗೆ ಹುಲ್ಲಿನ ಹಸಿರಿಲ್ಲ, ಮಣ್ಣಿಲ್ಲ,
ಪಾನಕ ಚೆಲ್ಲಿದ ಒಂದು ಕಲೆ ಬಿಟ್ಟರೆ.
ಆಟಕ್ಕೆ ಕರೆಯದೆ ನೀರು ಹೊರಿಸಿದರೇನೋ,
ಅಷ್ಟು ದೂರದಿಂದ ಕರಕೊಂಡು ಬಂದು.
ಅವನ ಅಂಗಿಯನ್ನು ನೀಲಿಯಲ್ಲಿ ಒಂದು ಮುಳುಗು ಹೆಚ್ಚು ಅದ್ದಿದೆ.

ಪಂದ್ಯ ಡ್ರಾ ಆಯಿತು. ವಿಮಾನ ಹತ್ತಿ ಹೋದರು.

ಮರುವಾರ ಶಿರೀಷ ತನ್ನದೇ ಬಿಳಿ ಅಂಗಿ ತಂದ.
ಅಕ್ಕನ ನಿಶ್ಚಿತಾರ್ಥ, ಗಂಜಿ ಗಟ್ಟಿ ಇರಲಿ.
ಡಬ್ಬ ಇಳಿಸುವಾಗ ಅವನ ಕಣ್ಣು ಅದರ ಹಿಂದಕ್ಕೇ ಹೋಯಿತು.
ಅಲ್ಲಿ ಪೊಟ್ಟಣವಿರಲಿಲ್ಲ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
ಸಮಾರಂಭದ ಸಂಜೆಯೆಲ್ಲ ಬೀಗರ ಮುಂದೆ
ಕುತ್ತಿಗೆ, ಬೆನ್ನು, ಕಂಕುಳು
ಕೆರೆದುಕೊಂಡೇ ಇದ್ದನಂತೆ.
ಆಣೆ, ನಾನೇನೂ ಹಾಕಿರಲಿಲ್ಲ.
ಅದು ಗಟಾರ ಸೇರಿ ಆಗಲೇ ಆರು ದಿನ.

ಅವರ ಗಂಟಿನಿಂದ ಇಲ್ಲೇ ಉಳಿದದ್ದು
ಒಂಟಿ ಚುಕ್ಕೆಯವನ ಒಂದು ಕಾಲುಚೀಲ.
ಮುಂದಿನ ಸಲ ಬಂದಾಗ ಕೊಡೋಣವೆಂದು ಮೊಳೆಗೆ ಸಿಕ್ಕಿಸಿದ್ದೆ.
ಎಷ್ಟೋ ವರ್ಷ. ಬರಲಿಲ್ಲ.
ಇಸ್ತ್ರಿಯ ಹಿಡಿ ಕಾದು ಕೈ ಸುಡುವಾಗ
ಈಗ ಅದನ್ನೇ ಸುತ್ತಿಕೊಳ್ಳುತ್ತೇನೆ.
ಒಳ್ಳೆಯ ನೂಲು. ಇನ್ನೂ ಪಿಸಿದಿಲ್ಲ.